ಎಡ ಮುಂಚಕ್ರದ ಎಬಿಎಸ್ ಸೆನ್ಸರ್ ಹೊಸದು ಹಾಕಿದರೂ ಅದೇ ಕೋಡ್: ಎಲ್ಲಿಂದ ಹುಡುಕಬೇಕು?

ಘಟ್ಟದ_ದಾರಿ:
ಕಾರು 2016ರ ಡೀಸೆಲ್ ಹ್ಯಾಚ್‌ಬ್ಯಾಕ್, 1.1 ಲಕ್ಷ ಕಿ.ಮೀ. ಆಗಿದೆ. ಓಡಾಟ ಸಕಲೇಶಪುರದ ಕಡೆ, ಅರ್ಧಕ್ಕರ್ಧ ತೋಟದ ಮಣ್ಣು ರಸ್ತೆ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯೋ ವ್ಯವಸ್ಥೆ) ದೀಪ ಬರುತ್ತೆ, ಹೋಗುತ್ತೆ. ಮಳೆ ದಿನ ಸ್ಟೀರಿಂಗ್ ಬಲಕ್ಕೆ ಪೂರ್ತಿ ತಿರುಗಿಸಿದರೆ ಹತ್ತೋದು ಖಾತ್ರಿ. ಸ್ಕ್ಯಾನರ್‌ನಲ್ಲಿ ಸಿ0035. ಹಳೇ ಸೆನ್ಸರ್‌ಗೆ ಮಲ್ಟಿಮೀಟರ್ ಇಟ್ಟಾಗ ಓಪನ್ (ಒಳಗೆ ಕಡಿದಿದೆ ಅಂತ) ತೋರಿಸ್ತು ಅಂತ ಹೊಸದು ಹಾಕಿದ್ದಾಯ್ತು, ಎರಡೇ ದಿನಕ್ಕೆ ಕೋಡ್ ವಾಪಸ್. ಈಗ ಎಬಿಎಸ್ ಮಾಡ್ಯೂಲ್ (ಎಬಿಎಸ್ ನಡೆಸುವ ಕಂಟ್ರೋಲ್ ಯೂನಿಟ್) ಬದಲಿಸಬೇಕು ಅಂತಿದ್ದಾರೆ. ಅದಕ್ಕೆ ಮುಂಚೆ ಏನೇನು ಚೆಕ್ ಮಾಡಬಹುದು?

ತಾಮ್ರದ_ಎಳೆ:
ಸರ್, ಮಾಡ್ಯೂಲ್‌ಗೆ ದುಡ್ಡು ಸುರಿಯೋದು ಸದ್ಯಕ್ಕೆ ಬೇಡ. ಸಿ0035 ಅಂದ್ರೆ ಸೆನ್ಸರ್ ಕೆಟ್ಟಿದೆ ಅಂತಲ್ಲ, ಆ ಚಕ್ರದ ಸೆನ್ಸರ್ ಸರ್ಕ್ಯೂಟ್‌ನಲ್ಲಿ ಎಲ್ಲೋ ತೊಂದರೆ ಇದೆ ಅಂತ ಅಷ್ಟೇ. ಮಾಡ್ಯೂಲ್ ಪಿನ್ನಿಂದ ಸೆನ್ಸರ್‌ವರೆಗಿನ ಎರಡು ವೈರು, ನಡುವಿನ ಕಪ್ಲರು (ವೈರ್ ಜೋಡಿಸುವ ಪ್ಲಗ್ಗು) ಎಲ್ಲವೂ ಆ ಒಂದೇ ಕೋಡಿನೊಳಗೆ ಬರುತ್ತೆ. ಸ್ಟೀರಿಂಗ್ ತಿರುಗಿಸಿದಾಗಲೇ ಬರುತ್ತೆ ಅಂದಮೇಲೆ ನನ್ನ ಅನುಮಾನ ಪೂರ್ತಿ ವೈರಿನ ಮೇಲೆ.

ಓಮ್ಸ್ ನೋಡಿ ಸೆನ್ಸರ್ ತೀರ್ಮಾನ ಮಾಡಿದ್ದೇ ಮೊದಲ ತಪ್ಪು. ಹಳೇ ಕಾಲದ ಕಾಯಿಲ್ ಸೆನ್ಸರ್ ಆದರೆ ಸುಮಾರು 800ರಿಂದ 2500 ಓಮ್ ತೋರಿಸುತ್ತೆ, ಚಕ್ರ ಕೈಯಲ್ಲಿ ತಿರುಗಿಸಿದರೆ ಎ.ಸಿ. ವೋಲ್ಟೇಜ್ ಹುಟ್ಟುತ್ತೆ. ನಿಮ್ಮ ವರ್ಷದ ಕಾರುಗಳಲ್ಲಿ ಹೆಚ್ಚಾಗಿ ಇರೋದು ಆಕ್ಟಿವ್ ಸೆನ್ಸರ್. ಅದರೊಳಗೆ ಪುಟ್ಟ ಐಸಿ ಇರುತ್ತೆ, ಓಮ್ಸ್‌ನಲ್ಲಿ ಅಳೆದರೆ ಸಿಗೋ ಅಂಕಿಗೆ ಅರ್ಥವೇ ಇಲ್ಲ. ಚೆನ್ನಾಗಿರೋದೂ ಓಪನ್ ತೋರಿಸಬಹುದು.

ಹೀಗೆ ಮಾಡಿ. ಸೆನ್ಸರ್ ಕಪ್ಲರ್ ಬಿಚ್ಚಿ, ಕೀ ಆಫ್ ಮಾಡಿ ಮತ್ತೆ ಆನ್ ಮಾಡಿ, ತಕ್ಷಣ ಬಾಡಿ ಕಡೆಯ ಎರಡು ಪಿನ್ ನಡುವೆ ವೋಲ್ಟೇಜ್ ನೋಡಿ. ತಕ್ಷಣ ಅಂದಿದ್ದು ಯಾಕೆಂದರೆ ಕೆಲವು ಮಾಡ್ಯೂಲ್‌ಗಳು ಫಾಲ್ಟ್ ಕಂಡ ಕೂಡಲೇ ಆ ಸೆನ್ಸರ್‌ಗೆ ಸಪ್ಲೈ ನಿಲ್ಲಿಸುತ್ತವೆ. ಬ್ಯಾಟರಿ ವೋಲ್ಟೇಜಿಗೆ ಹತ್ತಿರ ಇರಬೇಕು.

ಇಷ್ಟಕ್ಕೇ ವೈರ್ ಸರಿ ಇದೆ ಅಂದುಕೊಳ್ಳಬೇಡಿ. ಮೀಟರ್ ಕರೆಂಟ್ ಎಳೆಯೋದೇ ಇಲ್ಲ ಅನ್ನಬಹುದು, ಒಂದೇ ಎಳೆ ಉಳಿದಿದ್ದರೂ 12 ವೋಲ್ಟ್ ತೋರಿಸುತ್ತೆ. ಆ ಎರಡು ಪಿನ್ ನಡುವೆ 1 ಕಿಲೋ ಓಮ್, ಕಾಲು ವ್ಯಾಟಿನ ರೆಸಿಸ್ಟರ್ ಸಿಕ್ಕಿಸಿ. 12 ಮಿಲಿಆಂಪ್ ಹರಿಯುತ್ತೆ, ಅಂದರೆ ನಿಜವಾದ ಸೆನ್ಸರ್ ಎಳೆಯುವಷ್ಟೇ. ಈಗ ಮೀಟರ್ ನೋಡುತ್ತಾ ಒಬ್ಬರಿಂದ ಸ್ಟೀರಿಂಗ್ ಈ ಕೊನೆಯಿಂದ ಆ ಕೊನೆಗೆ ತಿರುಗಿಸಿ, ಇನ್ನೊಬ್ಬರು ವೈರನ್ನು ಅಲ್ಲಲ್ಲಿ ಅಲ್ಲಾಡಿಸಿ. ಅಂಕಿ ಕುಸಿದರೆ ಕಳ್ಳ ಸಿಕ್ಕ ಹಾಗೆ.

ಲೋಡ್ ಟೆಸ್ಟ್ ಅಂತ ಇಲ್ಲಿ 21 ವ್ಯಾಟ್ ಬಲ್ಬ್ ಹಾಕಲೇಬೇಡಿ. ಅದು ಒಂದು ಆಂಪಿಗಿಂತ ಹೆಚ್ಚು ಎಳೆಯುತ್ತೆ, ಮಾಡ್ಯೂಲ್‌ನ ಸೆನ್ಸರ್ ಸಪ್ಲೈ ಸುಡಬಹುದು. ಬಲ್ಬ್ ಟೆಸ್ಟ್ ಪಂಪ್ ಮೋಟಾರಿನ ದಪ್ಪ ವೈರಿಗೆ ಮಾತ್ರ.

ಹಬ್_ಬೇರಿಂಗ್:
ಮೇಲಿನವರು ಹೇಳಿದ್ದೇ ಮೊದಲು ಮಾಡಿ. ಅದರಲ್ಲಿ ವೋಲ್ಟೇಜ್ ಅಲುಗಾಡದಿದ್ದರೆ ಮಾತ್ರ ಹಬ್ (ಚಕ್ರ ಕೂರುವ ಭಾಗ) ಕಡೆ ಬನ್ನಿ. ಸೆನ್ಸರ್ ಜೋಡಿಸಿ, ಒಂದು ವೈರಿನಲ್ಲಿ ಮೀಟರನ್ನು ಮಿಲಿಆಂಪ್‌ಗೆ ಇಟ್ಟು ಸೀರೀಸ್‌ನಲ್ಲಿ ಹಾಕಿ, ಚಕ್ರವನ್ನು ತೀರಾ ನಿಧಾನ ತಿರುಗಿಸಿ. ಹೆಚ್ಚಿನ ಆಕ್ಟಿವ್ ಸೆನ್ಸರ್‌ಗಳಲ್ಲಿ 7 ಮತ್ತು 14ರ ನಡುವೆ ಹಾರುತ್ತಿರಬೇಕು. ಒಂದೇ ಅಂಕಿಯಲ್ಲಿ ನಿಂತಿದ್ದರೆ ಸೆನ್ಸರ್‌ಗೆ ಚಕ್ರ ತಿರುಗಿದ್ದು ಕಾಣಿಸುತ್ತಿಲ್ಲ. ಸೆನ್ಸರ್ ಕೂರುವ ತೂತಿನಲ್ಲಿ ತುಕ್ಕು ಬೆಳೆದು ಅದನ್ನು ಮೇಲೆತ್ತಿರಬಹುದು. ಬೇರಿಂಗ್ ಬದಲಿಸಿದ್ದರೆ ತಿರುವುಮುರುವಾಗಿ ಒತ್ತಿರಬಹುದು: ಸೆನ್ಸರ್ ಓದುವ ಅಯಸ್ಕಾಂತದ ರಿಂಗ್ ಇರೋದು ಬೇರಿಂಗಿನ ಒಂದು ಬದಿಯ ಸೀಲಿನಲ್ಲಿ ಮಾತ್ರ.

ದೀಪ ಹತ್ತದೆ, ಒಣ ರಸ್ತೆಯಲ್ಲಿ ನಿಲ್ಲಿಸುವ ಹೊತ್ತಿಗೆ, ಗಂಟೆಗೆ 5–10 ಕಿ.ಮೀ. ವೇಗದಲ್ಲಿ ಪೆಡಲ್ ಗಡಗಡ ಅಂದರೆ ಅದೂ ರಿಂಗ್ ಅಥವಾ ಸೆನ್ಸರ್-ರಿಂಗ್ ನಡುವಿನ ಗ್ಯಾಪಿನ ತೊಂದರೆಯೇ. ನಿಮ್ಮದು ಹಾಗಿಲ್ಲ.

ಘಟ್ಟದ_ದಾರಿ:
ರೆಸಿಸ್ಟರ್ ಇಲ್ಲದೆ 12 ವೋಲ್ಟ್. ರೆಸಿಸ್ಟರ್ ಹಾಕಿ ಸ್ಟೀರಿಂಗ್ ನೇರ ಇದ್ದಾಗ 11.6. ಬಲಕ್ಕೆ ಪೂರ್ತಿ ತಿರುಗಿಸಿದರೆ 4ಕ್ಕೆ ಇಳಿಯುತ್ತೆ! ಎರಡು ವೈರಲ್ಲಿ ಯಾವುದು ಅಂತ ಗೊತ್ತಾಗೋದು ಹೇಗೆ? ಬಿಚ್ಚಬೇಕಾದ್ದು ಎಲ್ಲಿ?

ತಾಮ್ರದ_ಎಳೆ:
1 ಕಿಲೋ ಓಮ್ ಮೇಲೆ 4 ವೋಲ್ಟ್ ಉಳಿದಿದೆ, ಅಂದರೆ 4 ಮಿಲಿಆಂಪ್ ಹರಿಯುತ್ತಿದೆ. ಬಾಕಿ 8 ವೋಲ್ಟ್ ದಾರಿಯಲ್ಲೇ ಹೋಗಿದೆ, ಅಲ್ಲಿಗೆ ವೈರಿನಲ್ಲಿ ಸುಮಾರು 2 ಕಿಲೋ ಓಮ್ ಕೂತಿದೆ. ರೆಸಿಸ್ಟರ್ ಹಾಗೇ ಇರಲಿ, ಸ್ಟೀರಿಂಗ್ ಬಲಕ್ಕೇ ಇರಲಿ. ಮೀಟರಿನ ಕಪ್ಪು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ ಇಟ್ಟು ಪಿನ್‌ಗಳನ್ನು ಒಂದೊಂದಾಗಿ ನೋಡಿ. ಸಪ್ಲೈ ಪಿನ್ 12ರಿಂದ ತುಂಬಾ ಕೆಳಗಿದ್ದರೆ ತೊಂದರೆ ಆ ವೈರಿನಲ್ಲಿ. ಅದು ಸರಿ ಇದ್ದು, ಇನ್ನೊಂದು ಪಿನ್ ಸೊನ್ನೆ ಹತ್ತಿರ ಇರುವ ಬದಲು ಏಳೆಂಟು ವೋಲ್ಟ್ ತೋರಿಸಿದರೆ ರಿಟರ್ನ್ ವೈರ್.

ಬಿಚ್ಚಬೇಕಾದ್ದು ಫೆಂಡರ್ ಲೈನರ್ (ಚಕ್ರದ ಮೇಲಿನ ಒಳ ಹೊದಿಕೆ). ಸಸ್ಪೆನ್ಷನ್ ಸ್ಟ್ರಟ್ ಮೇಲಿನ ಕ್ಲಿಪ್ಪಿನಿಂದ ಬಾಡಿಯ ರಬ್ಬರ್ ಗ್ರೊಮೆಟ್‌ವರೆಗೆ ವೈರನ್ನು ಬೆರಳಲ್ಲಿ ಒತ್ತುತ್ತಾ ಬನ್ನಿ. ಗಟ್ಟಿ ಇರಬೇಕಾದ ಕಡೆ ಎಲ್ಲೋ ಒಂದಿಂಚು ಮೆತ್ತಗೆ, ರಬ್ಬರ್ ದಾರದ ಹಾಗೆ ಬಾಗುತ್ತೆ. ಹೊರಗಿನ ತೊಗಟೆಗೆ ಏನೂ ಆಗಿರಲ್ಲ, ಸೀಳಿ ನೋಡಿದರೆ ಒಳಗೆ ತಾಮ್ರ ಹಸಿರು-ಕಪ್ಪು ಪುಡಿ. ಕಪ್ಲರ್ ಒಳಗೂ ಹಸಿರು ಇದೆಯಾ ನೋಡಿ. ಇಲಿ ಕಡಿದ ಗುರುತನ್ನೂ ನೋಡಿ, ತೋಟದ ಕಡೆ ಅದು ಮಾಮೂಲು.

ರಿಪೇರಿಗೆ ಬೆಸುಗೆ ಬೇಡ. ಬಾಗುವ ಜಾಗದಲ್ಲಿ ಬೆಸುಗೆ ಹಾಕಿದರೆ ವೈರ್ ಅಲ್ಲಿ ಕಡ್ಡಿಯಾಗುತ್ತೆ, ಅದರ ಪಕ್ಕದಲ್ಲೇ ಮತ್ತೆ ಮುರಿಯುತ್ತೆ. ತಾಮ್ರ ಕೆಂಪಗೆ ಹೊಳೆಯುವವರೆಗೆ ಕತ್ತರಿಸಿ, ಒಳಗೆ ಅಂಟು ಸವರಿದ, ಬಿಸಿಗೆ ಕುಗ್ಗುವ ಹೀಟ್ ಶ್ರಿಂಕ್‌ನೊಂದಿಗೆ ಕ್ರಿಂಪ್ ಮಾಡಿ, ಎರಡು ಜೋಡಣೆಗಳು ಎದುರುಬದುರು ಬಾರದಂತೆ ಹಿಂದೆ ಮುಂದೆ ಇಡಿ. ವೈರುಗಳು ಹೆಣೆದುಕೊಂಡಿದ್ದರೆ ಅದೇ ಹೆಣಿಗೆ ಮತ್ತೆ ಹಾಕಿ. ಪ್ಲಸ್, ಮೈನಸ್ ಅದಲುಬದಲಾದರೆ ಆಕ್ಟಿವ್ ಸೆನ್ಸರ್ ಕೆಲಸ ಮಾಡಲ್ಲ. ಸೂಜಿ ಚುಚ್ಚಿ ಟೆಸ್ಟ್ ಮಾಡಬೇಡಿ, ಆ ತೂತಿನಲ್ಲೇ ಮುಂದಿನ ಮಳೆಗೆ ನೀರು ಇಳಿಯುತ್ತೆ.

ಹಬ್_ಬೇರಿಂಗ್:
ಒಂದು ಮಾತು ಸೇರಿಸ್ತೀನಿ. ರಿಪೇರಿ ಆದಮೇಲೆ ಕೋಡ್ ಅಳಿಸಿದರೂ ದೀಪ ನಿಂತಲ್ಲೇ ಆರದಿದ್ದರೆ ಗಾಬರಿ ಬೇಡ. ಚಕ್ರಗಳ ಸಿಗ್ನಲ್ ನೋಡಿದ ಮೇಲೆಯೇ ಹಲವು ಮಾಡ್ಯೂಲ್‌ಗಳು ದೀಪ ಆರಿಸೋದು, ಗಂಟೆಗೆ 20 ಕಿ.ಮೀ. ದಾಟಿಸಿ. ಸ್ಕ್ಯಾನರ್‌ನ ಲೈವ್ ಡೇಟಾದಲ್ಲಿ ನೇರ ರಸ್ತೆಯಲ್ಲಿ 30ರಲ್ಲಿ ಹೋಗುವಾಗ ನಾಲ್ಕೂ ಚಕ್ರದ ವೇಗ ಒಂದೆರಡು ಕಿ.ಮೀ. ಒಳಗೆ ಹೊಂದಬೇಕು. ಅಗ್ಗದ ಬ್ಲೂಟೂತ್ ಅಡಾಪ್ಟರ್ ಜತೆ ಮಾಮೂಲಿ ಆ್ಯಪ್ ಬಳಸಿದರೆ ಇಂಜಿನ್ ಕೋಡ್ ಮಾತ್ರ ಕಾಣೋದೇ ಹೆಚ್ಚು, ಎಬಿಎಸ್ ಓದುವ ಸ್ಕ್ಯಾನರ್ ಬೇಕು.

ಅಲ್ಲಿವರೆಗೆ ಘಟ್ಟ ಇಳಿಯುವಾಗ ಜೋಪಾನ. ಬರೀ ಎಬಿಎಸ್ ದೀಪ ಇದ್ದರೆ ಮಾಮೂಲಿ ಬ್ರೇಕ್ ಇದೆ. ಜತೆಗೆ ಕೆಂಪು ಬ್ರೇಕ್ ದೀಪವೂ ಹತ್ತಿದರೆ ಮೊದಲು ಬ್ರೇಕ್ ಆಯಿಲ್ ಮಟ್ಟ ನೋಡಿ. ಆಯಿಲ್ ಸರಿ ಇದ್ದರೂ ಹತ್ತಿದ್ದರೆ ಇಬಿಡಿ (ಮುಂದಿನ, ಹಿಂದಿನ ಚಕ್ರಗಳಿಗೆ ಬ್ರೇಕ್ ಬಲ ಹಂಚುವ ವ್ಯವಸ್ಥೆ) ಕೂಡ ಹೋಗಿರಬಹುದು, ಜೋರಾಗಿ ಒತ್ತಿದಾಗ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ತಿರುಗುತ್ತೆ. ಹಾಗಾದರೆ ಗಾಡಿ ತೆಗೆಯಲೇಬೇಡಿ.