ರಹದಾರಿ ಚೀಟಿ ಮತ್ತು ಗಸ್ತಿನ ಕುದುರೆಗಳು: ಅಮೆರಿಕದ ಗುಲಾಮಗಿರಿಯ ಬಗ್ಗೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಮಗಳ ಮನೆಗೆಂದು ಅಮೆರಿಕಕ್ಕೆ ಬಂದಿದ್ದೇನೆ. ಕಳೆದ ವಾರ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಅಂಗೈಯೊಳಗೆ ಅಡಗುವಷ್ಟು ಸಣ್ಣ ತಾಮ್ರದ ಬಿಲ್ಲೆಗಳನ್ನು ನೋಡಿದೆ. ಮೇಲೊಂದು ತೂತು, ಊರಿನ ಹೆಸರು, ಇಸವಿ, ನಂಬರು, ಜೊತೆಗೆ ‘ಹಮಾಲಿ’, ‘ಮನೆಯಾಳು’ ಎಂಬರ್ಥದ ಪದಗಳು. ಇದಿಲ್ಲದೆ ಓಡಾಡಿದ ಗುಲಾಮರನ್ನು ಹಿಡಿಯುತ್ತಿದ್ದರಂತೆ. ಹಿಡಿಯುತ್ತಿದ್ದವರು ಯಾರು? ಪೊಲೀಸರೇ?

ಉತ್ತರ: ಆ ಬಿಲ್ಲೆಯನ್ನು ನೀವು ಗಮನಿಸಿದ್ದೇ ನನಗೆ ಸಂತೋಷ. ಒಡೆಯ ತನ್ನ ಗುಲಾಮನನ್ನು ಬೇರೆಯವರ ಕೂಲಿಗೆ ಕಳಿಸುವಾಗ ನಗರಾಡಳಿತಕ್ಕೆ ಹಣ ಕಟ್ಟಿ ಬಿಲ್ಲೆ ಪಡೆಯಬೇಕಿತ್ತು, ವರ್ಷವರ್ಷವೂ ಹೊಸದು. ಕೂಲಿಯ ದುಡ್ಡು ಸಾಮಾನ್ಯವಾಗಿ ಒಡೆಯನಿಗೆ ಸೇರುತ್ತಿತ್ತು. ನಗರದೊಳಗೆ ಪರಿಶೀಲನೆ ಮಾಡುತ್ತಿದ್ದದ್ದು ‘ಸಿಟಿ ಗಾರ್ಡ್’ ಎಂಬ ಶಸ್ತ್ರಧಾರಿ ಕಾವಲುಪಡೆ. ಹಳ್ಳಿಗಾಡಿನಲ್ಲಿ ಬಿಲ್ಲೆಯ ಬದಲು ಒಡೆಯ ಬರೆದುಕೊಟ್ಟ ರಹದಾರಿ ಚೀಟಿ ಇರಬೇಕಿತ್ತು. ಅದನ್ನು ಕೇಳಲು ಕುದುರೆಯೇರಿ ರಾತ್ರಿ ತಿರುಗುತ್ತಿದ್ದವರೇ ಗುಲಾಮ ಗಸ್ತಿನವರು.

ಆ ಗಸ್ತಿಗೆ ಕಾನೂನಿನ ರೂಪ ಕೊಟ್ಟದ್ದು ದಕ್ಷಿಣ ಕೆರೊಲಿನಾವೇ, 1704ರಲ್ಲಿ. ಅಲ್ಲಿ ನೆಲೆಸಿದ ಬಿಳಿಯರಲ್ಲಿ ಹಲವರು ಬಾರ್ಬಡೋಸ್ ದ್ವೀಪದ ಕಬ್ಬಿನ ತೋಟಗಳಿಂದ ಬಂದವರು. ಅಲ್ಲಿನ 1661ರ ಕಠೋರ ಗುಲಾಮ ಕಾಯಿದೆಯ ಅನುಭವವನ್ನೂ ಹೊತ್ತು ತಂದಿದ್ದರು. ಸ್ಪೇನಿನವರು ದಾಳಿ ಮಾಡಿಯಾರೆಂಬ ಭಯದಿಂದ ಊರ ಬಿಳಿಯ ಗಂಡಸರ ನಾಗರಿಕ ಸೈನ್ಯವೆಲ್ಲ ಕರಾವಳಿಗೆ ಹೋದರೆ ಹಿಂದೆ ಉಳಿದ ಗುಲಾಮರ ಮೇಲೆ ಕಣ್ಣಿಡುವವರಾರು ಎಂಬುದು ಆಗಿನ ಚಿಂತೆ. 1708ರ ಹೊತ್ತಿಗೆ ಆ ವಸಾಹತಿನಲ್ಲಿ ಕರಿಯರ ಸಂಖ್ಯೆಯೇ ಬಿಳಿಯರಿಗಿಂತ ಹೆಚ್ಚಾಗಿತ್ತು. ಮುಂದೆ ವರ್ಜೀನಿಯಾ, ಉತ್ತರ ಕೆರೊಲಿನಾ, ಜಾರ್ಜಿಯಾಗಳೂ ಇದೇ ದಾರಿ ಹಿಡಿದವು.

ಪ್ರಶ್ನೆ: ಇದು ಸಂಬಳದ ನೌಕರಿಯೇ? ಬಡ ಬಿಳಿಯರು ಹೊಟ್ಟೆಪಾಡಿಗಾಗಿ ಸೇರುತ್ತಿದ್ದರು ಎಂದು ಎಲ್ಲೋ ಓದಿದ ನೆನಪು.

ಉತ್ತರ: ಆ ಮಾತು ಜನಜನಿತ, ಆದರೆ ಪೂರ್ತಿ ನಿಜವಲ್ಲ. ಬಹಳ ಕಡೆ ಗಸ್ತು ಒಂದು ಸರದಿಯ ಕರ್ತವ್ಯ. ಪ್ರದೇಶವನ್ನು ಸಣ್ಣ ಸಣ್ಣ ವಲಯಗಳಾಗಿ ಹಂಚಿ, ನಾಗರಿಕ ಸೈನ್ಯದ ಪಟ್ಟಿಯಿಂದ ಹೆಸರು ಆರಿಸುತ್ತಿದ್ದರು. ಹೋಗದವನು ದಂಡ ಕಟ್ಟಬೇಕು, ಇಲ್ಲವೇ ಬದಲಿ ಆಳನ್ನು ಕಳಿಸಬೇಕು. ಜಮೀನುದಾರರೂ ಇದ್ದರು, ಒಬ್ಬ ಗುಲಾಮನೂ ಇಲ್ಲದ ಸಣ್ಣ ರೈತರೂ ಇದ್ದರು. ಕೆಲವೆಡೆ ಹಣ, ಕೆಲವೆಡೆ ತೆರಿಗೆ ವಿನಾಯಿತಿ. ನನ್ನನ್ನು ಇಂದಿಗೂ ಕಂಗೆಡಿಸುವುದು ಇದೇ. ಹಗಲಿನಲ್ಲಿ ಪಕ್ಕದ ಹೊಲದಲ್ಲಿ ಕಂಡ ಮನುಷ್ಯನೇ ರಾತ್ರಿ ಬಾರುಕೋಲು ಹಿಡಿದು ಗುಡಿಸಲಿನ ಬಾಗಿಲು ಒದೆಯುತ್ತಿದ್ದ.

ಗುಡಿಸಲುಗಳನ್ನು ಶೋಧಿಸುವುದು, ಜನ ಗುಂಪುಗೂಡಿದರೆ ಚದುರಿಸುವುದು, ರಸ್ತೆಯಲ್ಲಿ ಚೀಟಿ ಕೇಳುವುದು ಅವರ ಕೆಲಸ. ಚೀಟಿ ಇಲ್ಲದಿದ್ದರೆ ವಿಚಾರಣೆ ಇಲ್ಲದೆ ಅಲ್ಲೇ ಛಡಿಯೇಟು. ಹೆಂಡತಿ ಒಂದು ತೋಟದಲ್ಲಿ, ಗಂಡ ಇನ್ನೊಂದರಲ್ಲಿ ಇರುವ ಕುಟುಂಬಗಳು ಎಷ್ಟೋ ಇದ್ದವು. ಶನಿವಾರ ಸಂಜೆ ಮಕ್ಕಳ ಮುಖ ನೋಡಲು ಹೊರಟ ತಂದೆಯೇ ಈ ಗಸ್ತಿನ ಕೈಗೆ ಸಿಕ್ಕುತ್ತಿದ್ದ. ಹೊಡೆತ ಮಿತಿಮೀರಿದರೆ ಒಡೆಯರು ಗಸ್ತಿನವರ ಮೇಲೆ ದಾವೆ ಹೂಡಿದ್ದೂ ಉಂಟು. ಗಾಯಗೊಂಡವನ ನೋವಿಗಾಗಿ ಹೂಡಿದ ದಾವೆಯಲ್ಲ ಅದು. ತಮ್ಮ ಆಸ್ತಿಗಾದ ನಷ್ಟಕ್ಕೆ.

ಪ್ರಶ್ನೆ: ಗುಲಾಮರೇನೂ ಸುಮ್ಮನಿರಲಿಲ್ಲ ಅಲ್ಲವೇ? ತಿರುಗಿಬಿದ್ದ ಉದಾಹರಣೆಗಳಿವೆಯೇ?

ಉತ್ತರ: ಬೇಕಾದಷ್ಟಿವೆ. 1930ರ ದಶಕದ ಕೊನೆಯಲ್ಲಿ ಅಮೆರಿಕ ಸರ್ಕಾರದ ಯೋಜನೆಯೊಂದರಡಿ, ಆಗಿನ್ನೂ ಬದುಕಿದ್ದ 2,000ಕ್ಕೂ ಹೆಚ್ಚು ಮಾಜಿ ಗುಲಾಮರ ಮಾತುಗಳನ್ನು ಬರೆದಿಟ್ಟುಕೊಂಡರು. ಗಸ್ತಿನವರನ್ನು ಅವರು ‘ಪ್ಯಾಟಿ ರೋಲರ್’ ಎಂದು ಕರೆಯುತ್ತಿದ್ದರು, ಗಸ್ತಿನವನು ಎಂಬರ್ಥದ ‘ಪಟ್ರೋಲರ್’ ಎಂಬ ಇಂಗ್ಲಿಷ್ ಪದ ಬಾಯಿಂದ ಬಾಯಿಗೆ ಬಂದು ಆದ ರೂಪ. ರಸ್ತೆಗೆ ಅಡ್ಡಲಾಗಿ ಕಾಡುಬಳ್ಳಿಯನ್ನು ಬಿಗಿದು ಕಟ್ಟಿ, ಕತ್ತಲಲ್ಲಿ ಬರುವ ಕುದುರೆಗಳನ್ನು ಮುಗ್ಗರಿಸಿ ಬೀಳಿಸುತ್ತಿದ್ದ ಕಥೆ ಅಲ್ಲಿ ಮತ್ತೆ ಮತ್ತೆ ಬರುತ್ತದೆ. ಇನ್ನೊಂದು ಸಂಗತಿ ನನಗೆ ತುಂಬ ಹತ್ತಿರವಾದದ್ದು. ಗುಟ್ಟಾಗಿ ಪ್ರಾರ್ಥನೆಗೆ ಸೇರಿದಾಗ ಬಾಗಿಲ ಬಳಿ ಕಬ್ಬಿಣದ ಹಂಡೆಯೊಂದನ್ನು ಬೋರಲು ಹಾಕುತ್ತಿದ್ದರು. ಹಾಡಿನ, ಅಳುವಿನ ಸದ್ದನ್ನು ಹಂಡೆ ಹಿಡಿದಿಡುತ್ತದೆ, ಗಸ್ತಿನವರ ಕಿವಿಗೆ ಬೀಳುವುದಿಲ್ಲ ಎಂಬ ನಂಬಿಕೆ. ಎಷ್ಟೋ ಮಂದಿ, ಬೇರೆ ಬೇರೆ ರಾಜ್ಯಗಳವರು, ಈ ಹಂಡೆಯನ್ನು ನೆನೆದಿದ್ದಾರೆ.

ಬಹಿರಂಗ ದಂಗೆಗಳೂ ನಡೆದವು. 1739ರ ಸೆಪ್ಟೆಂಬರ್ 9, ಭಾನುವಾರ, ಚಾರ್ಲ್ಸ್‌ಟನ್ನಿಗೆ ಸಮೀಪದ ಸ್ಟೋನೋ ನದಿಯ ಬಳಿ ಸುಮಾರು 20 ಜನ ಸೇರಿ ಅಂಗಡಿಯೊಂದರ ಬಂದೂಕು ಕಸಿದುಕೊಂಡು, ಡೋಲು ಬಾರಿಸುತ್ತ ದಕ್ಷಿಣಕ್ಕೆ ಹೊರಟರು. ಸ್ಪೇನ್ ಆಳುತ್ತಿದ್ದ ಫ್ಲಾರಿಡಾ ತಲುಪಿದರೆ ಬಿಡುಗಡೆಯ ಭರವಸೆಯಿತ್ತು. ದಾರಿಯುದ್ದಕ್ಕೂ ಜನ ಕೂಡಿಕೊಂಡರು, 20ಕ್ಕೂ ಹೆಚ್ಚು ಬಿಳಿಯರು ಸತ್ತರು. ಬಿಳಿಯರ ಸೈನ್ಯ ಅದೇ ದಿನ ಅವರನ್ನು ಅಡ್ಡಗಟ್ಟಿತು. ಮರುವರ್ಷ ಬಂದ ಕಾಯಿದೆ ಡೋಲನ್ನೂ ಕೊಂಬನ್ನೂ ನಿಷೇಧಿಸಿತು. ಬಿಳಿಯನೊಬ್ಬ ಜೊತೆಗಿಲ್ಲದೆ ಏಳಕ್ಕಿಂತ ಹೆಚ್ಚು ಗುಲಾಮರು ಹೆದ್ದಾರಿಯಲ್ಲಿ ಒಟ್ಟಿಗೆ ಕಂಡರೆ 20 ಏಟುಗಳವರೆಗೆ ಹೊಡೆಯಲು ಅಧಿಕಾರ ಕೊಟ್ಟಿತು.

ಪ್ರಶ್ನೆ: ಇಂದಿನ ಅಮೆರಿಕದ ಪೊಲೀಸ್ ವ್ಯವಸ್ಥೆ ಹುಟ್ಟಿದ್ದೇ ಈ ಗಸ್ತಿನಿಂದ ಎನ್ನುತ್ತಾರೆ. ಒಪ್ಪುತ್ತೀರಾ?

ಉತ್ತರ: ಅರ್ಧ ಒಪ್ಪುತ್ತೇನೆ. ಬಾಸ್ಟನ್ (1838), ನ್ಯೂಯಾರ್ಕ್ (1845) ಮೊದಲಾದ ಉತ್ತರದ ನಗರಗಳ ಪೊಲೀಸ್ ಇಲಾಖೆಗಳ ಮುಂದಿದ್ದ ಮಾದರಿ 1829ರ ಲಂಡನ್ ಪೊಲೀಸ್. ಚಾರ್ಲ್ಸ್‌ಟನ್ನಿನಂತಹ ದಕ್ಷಿಣದ ನಗರಗಳಲ್ಲಿ ಮಾತ್ರ ಗುಲಾಮರ ಕಾವಲಿನಿಂದ ಪೊಲೀಸಿನವರೆಗೆ ನೇರ ಎಳೆ ಇದೆ. ಹಾಗೆಂದು ಉತ್ತರವೇನೂ ಕೈತೊಳೆದುಕೊಳ್ಳುವಂತಿಲ್ಲ. 1850ರ ಪಲಾಯಿತ ಗುಲಾಮರ ಕಾಯಿದೆಯಡಿ, ಹಿಡಿದು ತಂದ ಗುಲಾಮನನ್ನು ಒಡೆಯನಿಗೆ ಒಪ್ಪಿಸಿದರೆ ಪ್ರಕರಣ ತೀರ್ಮಾನಿಸುವ ಕಮಿಷನರನಿಗೆ 10 ಡಾಲರ್, ಬಿಟ್ಟು ಕಳಿಸಿದರೆ 5 ಡಾಲರ್ ಶುಲ್ಕ. ಎರಡರ ಅಂತರವನ್ನು ನೀವೇ ನೋಡಿ. 1865ರಲ್ಲಿ ಗುಲಾಮಗಿರಿಯೊಂದಿಗೆ ಕಾನೂನಿನ ಗಸ್ತು ಮುಗಿಯಿತು. ರಾತ್ರಿ ಕುದುರೆಯೇರಿ ಬಂದು ಮನೆ ಹೊಕ್ಕು ಬಡಿಯುವ ಪದ್ಧತಿಯನ್ನು ಬಿಳಿಯರ ಹಿಂಸಾತ್ಮಕ ಗುಪ್ತ ಸಂಘವಾದ ಕು ಕ್ಲುಕ್ಸ್ ಕ್ಲಾನ್ ಮುಂದುವರಿಸಿತು. ಎಷ್ಟೋ ಹಿರಿಯರ ನೆನಪಿನಲ್ಲಿ ಈ ಎರಡೂ ಬೆರೆತೇ ಹೋಗಿದ್ದವು.

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ಗುಲಾಮರಿಗೆ ಅಕ್ಷರ ಕಲಿಸುವುದು ಅಪರಾಧವಾಗಿತ್ತಂತೆ. ಗಸ್ತಿಗೂ ಇದಕ್ಕೂ ಸಂಬಂಧವಿದೆಯೇ?

ಉತ್ತರ: ಬಹಳ ಆಳವಾದ ಸಂಬಂಧ. ನಾನು ಮೇಲೆ ಹೇಳಿದ 1740ರ ಕಾಯಿದೆ ನಿಷೇಧಿಸಿದ್ದು ಬರೆಯುವುದನ್ನು ಕಲಿಸುವುದನ್ನು, ಓದಲು ಕಲಿಸುವುದನ್ನಲ್ಲ. ಕಲಿಸಿದವರಿಗೆ 100 ಪೌಂಡ್ ದಂಡ. ಓದು ಬಂದವನು ಬೈಬಲ್ ಓದಿಯಾನು. ಬರಹ ಬಂದವನು ತನ್ನ ಚೀಟಿಯನ್ನು ತಾನೇ ಬರೆದುಕೊಂಡಾನು. ಇಡೀ ಗಸ್ತು ನಿಂತಿದ್ದುದೇ ಚೀಟಿಯ ಮೇಲೆ. ದಕ್ಷಿಣ ಕೆರೊಲಿನಾ ಓದನ್ನೂ ನಿಷೇಧಿಸಿದ್ದು ಬಹಳ ತಡವಾಗಿ, 1834ರಲ್ಲಿ.

ಗುಲಾಮಗಿರಿಯಿಂದ ತಪ್ಪಿಸಿಕೊಂಡು ಮುಂದೆ ಅದರ ವಿರುದ್ಧದ ಹೆಸರಾಂತ ಹೋರಾಟಗಾರರಾದ ಫ್ರೆಡರಿಕ್ ಡಗ್ಲಸ್ ಮಾಡಿದ್ದು ಇದನ್ನೇ. 1836ರ ವಸಂತದಲ್ಲಿ ಮೇರಿಲ್ಯಾಂಡಿನ ಹೊಲವೊಂದರಲ್ಲಿ ದುಡಿಯುತ್ತಿದ್ದ ಅವರು, ಈಸ್ಟರ್ ರಜೆಗೆ ಬಾಲ್ಟಿಮೋರಿಗೆ ಹೋಗಲು ಅನುಮತಿ ಎಂಬಂತೆ ತನಗೂ ಗೆಳೆಯರಿಗೂ ಬಿಳಿಯನೊಬ್ಬನ ಹೆಸರಿನಲ್ಲಿ ಚೀಟಿ ಬರೆದರು. ಹೊರಡುವ ದಿನವೇ ಗುಟ್ಟು ರಟ್ಟಾಗಿ ಎಲ್ಲರನ್ನೂ ಕಟ್ಟಿ ಎಳೆದೊಯ್ದರು. ಡಗ್ಲಸ್ ಗಲಾಟೆಯ ನಡುವೆ ತಮ್ಮ ಚೀಟಿಯನ್ನು ಬೆಂಕಿಗೆ ಹಾಕಿದ್ದರು. ದಾರಿಯಲ್ಲಿ ಗೆಳೆಯ ಹೆನ್ರಿ ನನ್ನದನ್ನೇನು ಮಾಡಲಿ ಎಂದು ಕೇಳಿದಾಗ, ಕೈಯಲ್ಲಿದ್ದ ಬಿಸ್ಕತ್ತಿನ ಜೊತೆ ತಿಂದುಬಿಡು ಎಂದರು. ಕಾಗದದ ಸಾಕ್ಷಿ ಸಿಗಲಿಲ್ಲ.

1838ರ ಸೆಪ್ಟೆಂಬರ್ 3ರಂದು ಡಗ್ಲಸ್ ಬಾಲ್ಟಿಮೋರಿನಿಂದ ರೈಲು ಹತ್ತಿದರು. ಈ ಸಲ ಕೈಯಲ್ಲಿದ್ದುದು ಸ್ವತಂತ್ರ ನಾವಿಕ ಗೆಳೆಯನೊಬ್ಬನ ಗುರುತಿನ ಕಾಗದ. ಅದರಲ್ಲಿದ್ದ ಮೈಬಣ್ಣದ ವಿವರಣೆ ಅವರಿಗೆ ಹೊಂದುತ್ತಲೇ ಇರಲಿಲ್ಲ. ಕಾಗದದ ತಲೆಯ ಮೇಲೆ ಅಮೆರಿಕದ ಹದ್ದಿನ ಚಿತ್ರವಿತ್ತು. ಕಂಡಕ್ಟರ್ ಅದನ್ನೊಮ್ಮೆ ನೋಡಿದ, ದುಡ್ಡು ಪಡೆದ, ಮುಂದಿನ ಪ್ರಯಾಣಿಕನತ್ತ ನಡೆದ.