ತಪಾಸಣೆಯಲ್ಲಿ ಫೇಲಾದ ಹಳೇ ಕಾರು: ಮೆಕ್ಯಾನಿಕ್‌ಗೆ ಕೇಳಿ

ಮೆಕ್ಯಾನಿಕ್: ಫಿಟ್‌ನೆಸ್ ತಪಾಸಣೆಯಲ್ಲಿ ಗಾಡಿ ಫೇಲಾಗಿ, ಮನೆಯಲ್ಲೇ ಸರಿ ಮಾಡಲು ಹೊರಟವರು ಇಲ್ಲಿ ಕೇಳಿ. ಫೇಲ್ ಚೀಟಿಯಲ್ಲಿ ಇರುವುದನ್ನು ಹಾಗೇ ಬರೆಯಿರಿ. "ಬ್ರೇಕ್ ಸರಿ ಇಲ್ಲ" ಅಂದರೆ ನನಗೆ ಏನೂ ಗೊತ್ತಾಗುವುದಿಲ್ಲ.

ಬಿಳಿ ಹ್ಯಾಚ್‌ಬ್ಯಾಕ್: ನಮಸ್ತೆ ಸರ್. 2004ರ ಪೆಟ್ರೋಲ್ ಗಾಡಿ. ಹೊಗೆ ಪರೀಕ್ಷೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಜಾಸ್ತಿ ಅಂತ ಫೇಲ್.

ಮೆಕ್ಯಾನಿಕ್: ನಮಸ್ತೆ. ಬರುವ ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಹೆಚ್ಚು ಹೋಗುತ್ತಿದೆ ಅಂತ ಅರ್ಥ. ಮೊದಲು ಏರ್ ಫಿಲ್ಟರ್ ನೋಡಿ. ಆಮೇಲೆ ಆಕ್ಸಿಜನ್ ಸೆನ್ಸರ್, ಕೂಲಂಟ್ ಸೆನ್ಸರ್. ಎಂಜಿನ್ ಬಿಸಿಯಾಗಿದ್ದರೂ ಕೂಲಂಟ್ ಸೆನ್ಸರ್ "ತಣ್ಣಗಿದೆ" ಅಂತ ತೋರಿಸಿದರೆ ಪೆಟ್ರೋಲ್ ಸುಮ್ನೆ ಸುರಿಯುತ್ತಲೇ ಇರುತ್ತದೆ. ಇನ್ನೊಂದು ವಿಷಯ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಮಾರು 300 ಡಿಗ್ರಿಗೆ ಕಾಯದೆ ಕೆಲಸ ಶುರು ಮಾಡುವುದಿಲ್ಲ. ಪರೀಕ್ಷೆಗೆ ಮುಂಚೆ 20 ನಿಮಿಷ ಚೆನ್ನಾಗಿ ಓಡಿಸಿ, ಬಿಸಿಯಿರುವಾಗಲೇ ಒಳಗೆ ಬಿಡಿ.

ಹಳೇ ಸೆಡಾನ್: ಅಣ್ಣಾ, 1998ರ ಗಾಡಿ. ಚೀಟಿಯಲ್ಲಿ "ಹಿಂದಿನ ಬ್ರೇಕ್ ಎಡ ಬಲ ವ್ಯತ್ಯಾಸ ಜಾಸ್ತಿ, ಹ್ಯಾಂಡ್‌ಬ್ರೇಕ್ ಹಿಡಿಯುತ್ತಿಲ್ಲ" ಅಂತ ಇದೆ. ಎಡಗಡೆ ಡ್ರಮ್ ಬಿಚ್ಚಿದರೆ ಒಳಗೆ ಒದ್ದೆ. ಶೂಗಳನ್ನು ಪೆಟ್ರೋಲ್‌ನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ ಹಾಕಿದೆ. ಮೊದಲು ಸರಿ ಇತ್ತು, ಈಗ ಮತ್ತೆ ಒಂದು ಕಡೆ ಎಳೆಯುತ್ತಿದೆ. ಶೂಗೆ ಬೆಂಕಿ ಹಚ್ಚಿ ಎಣ್ಣೆ ಸುಟ್ಟರೆ ಸಾಕು ಅಂತ ಒಂದು ಫಾರ್ವರ್ಡ್ ಬಂದಿದೆ. ಮಾಡಲಾ?

ಮೆಕ್ಯಾನಿಕ್: ಬೇಡ. ಆ ಫಾರ್ವರ್ಡ್ ಅಳಿಸಿ, ಯಾರಿಗೂ ಕಳಿಸಬೇಡಿ. ಶೂ ಮೇಲಿನ ಲೈನಿಂಗ್, ಅಂದರೆ ಡ್ರಮ್‌ಗೆ ಉಜ್ಜುವ ಪದರ, ಎಣ್ಣೆಯನ್ನು ಒಳಕ್ಕೆ ಹೀರಿಕೊಂಡಿರುತ್ತದೆ. ತೊಳೆದಾಗ ಹೋಗುವುದು ಮೇಲಿನದು ಮಾತ್ರ. ಬ್ರೇಕ್ ಕಾಯುತ್ತಿದ್ದಂತೆ ಒಳಗಿನದು ಹೊರಗೆ ಬರುತ್ತದೆ. ಅದಕ್ಕೇ ನಿಮ್ಮದು ಮೊದಲು ಸರಿ ಇದ್ದು ಆಮೇಲೆ ಕೆಟ್ಟಿತು. ಬೆಂಕಿ ಹಚ್ಚಿದರೆ ಲೈನಿಂಗನ್ನು ಹಿಡಿದಿರುವ ಅಂಟು ಸುಟ್ಟು, ಓಡುವಾಗಲೇ ಕಿತ್ತು ಬರಬಹುದು.

ಈಗ ಮುಖ್ಯ ಪ್ರಶ್ನೆ: ಆ ಒದ್ದೆ ಏನು? ಬೆರಳಲ್ಲಿ ತೆಗೆದು ನೀರಿಗೆ ಹಾಕಿ. ನೀರಲ್ಲಿ ಕರಗಿದರೆ ಬ್ರೇಕ್ ಆಯಿಲ್, ಶೂಗಳನ್ನು ತಳ್ಳುವ ವೀಲ್ ಸಿಲಿಂಡರ್ ಸೋರುತ್ತಿದೆ. ನೀರಿನ ಮೇಲೆ ತೇಲಿದರೆ, ಗಂಧಕದ ವಾಸನೆ ಬಂದರೆ ಗೇರ್ ಆಯಿಲ್, ಅದನ್ನು ತಡೆಯುವ ಆಕ್ಸಲ್ ಸೀಲ್ ಹೋಗಿದೆ. ಎರಡಕ್ಕೂ ರಿಪೇರಿ ಬೇರೆ ಬೇರೆ.

ಯಾವುದೇ ಆಗಲಿ, ಶೂ ಎರಡೂ ಕಡೆ ಹೊಸದು ಹಾಕಿ. ಒಂದೇ ಕಡೆ ಹಾಕಿದರೆ ಎಡ ಬಲ ವ್ಯತ್ಯಾಸ ಹಾಗೇ ಉಳಿಯುತ್ತದೆ, ಮತ್ತೆ ಫೇಲ್. ಮೊದಲು ಶೂ ಅಡ್ಜಸ್ಟ್ ಮಾಡಿ, ಆಮೇಲಷ್ಟೇ ಹ್ಯಾಂಡ್‌ಬ್ರೇಕ್ ಕೇಬಲ್ ಮುಟ್ಟಿ. ಡ್ರಮ್ ಒಳಗಿನ ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ. ಹಳೇ ಲೈನಿಂಗ್‌ನಲ್ಲಿ ಕಲ್ನಾರು ಇರಬಹುದು, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಮಾಡಿ ಬಟ್ಟೆಯಲ್ಲಿ ಒರೆಸಿ. ಜಾಕಿ ಒಂದನ್ನೇ ನಂಬಬೇಡಿ, ಕೆಳಗೆ ಸ್ಟ್ಯಾಂಡ್ ಇಡಿ.

ಬ್ರೇಕ್ ಲೈನ್‌ನಿಂದ ಏರ್ ತೆಗೆಯುವಾಗ ಪೆಡಲನ್ನು ತಳದವರೆಗೆ ತುಳಿಯಬೇಡಿ. ಪೆಡಲ್ ತುಳಿದಾಗ ಬ್ರೇಕ್ ಆಯಿಲ್ ತಳ್ಳುವುದು ಮಾಸ್ಟರ್ ಸಿಲಿಂಡರ್. ಅದು ಹಳೇದಾದರೆ, ಒಳಗಿನ ರಬ್ಬರ್ ಸೀಲ್ ದಿನಾ ಓಡಾಡದ ಜಾಗಕ್ಕೆ ತುಕ್ಕು ಹಿಡಿದಿರುತ್ತದೆ. ಸೀಲ್ ಅಲ್ಲಿಗೆ ಹೋದರೆ ಹರಿದುಹೋಗುತ್ತದೆ. ಪೆಡಲ್ ಕೆಳಗೆ ಮರದ ತುಂಡು ಇಟ್ಟುಕೊಳ್ಳಿ.

ನೀಲಿ ವ್ಯಾನ್: ಸರ್, ನನ್ನದೂ ಹೊಗೆ ಜಾಸ್ತಿ ಅಂತ ಫೇಲ್. ಪೆಟ್ರೋಲ್ ಗಾಡಿ.

ಮೆಕ್ಯಾನಿಕ್: ಮೇಲೆ ಬರೆದಿದ್ದೇನೆ. ಓದಿ.

ಕೆಂಪು ಜೀಪ್: ಬಾಗಿಲ ಕೆಳಗಿನ ಪಟ್ಟಿ ತುಕ್ಕು ಹಿಡಿದು ತೂತಾಗಿದೆ. ಪುಟ್ಟಿ ತುಂಬಿ ಬಣ್ಣ ಹೊಡೆದರೆ ಗೊತ್ತಾಗುವುದಿಲ್ಲ ಅಲ್ವಾ? ಓಡುವ ಗಾಡಿಗೆ ಇಷ್ಟೆಲ್ಲ ತಪಾಸಣೆಯೇ ಅತಿಯಾಯಿತು.

ಮೆಕ್ಯಾನಿಕ್: ಅದು ಗಾಡಿಯ ಭಾರ ಹೊರುವ ಭಾಗ. ಕೊಳೆತ ತಗಡು ಕತ್ತರಿಸಿ ಹೊಸದು ವೆಲ್ಡ್ ಮಾಡಬೇಕು. ಪುಟ್ಟಿಗೆ ಶಕ್ತಿ ಇಲ್ಲ.

ದಿನಾ ಓಡಿಸುವವಳು: ಕೆಂಪು ಜೀಪ್ ಅವರೇ, ಗೊತ್ತಾಗುವುದಿಲ್ಲ ಅನ್ನುವುದೇ ನಿಮ್ಮ ಯೋಚನೆಯಾ? ಗಾಡಿಗೆ ಪೆಟ್ಟು ಬಿದ್ದಾಗ ಒಳಗೆ ಕೂತಿರುವವರ ಗತಿ ಏನು?

ಕೆಂಪು ಜೀಪ್: ನನ್ನ ಗಾಡಿ, ನನ್ನ ಜವಾಬ್ದಾರಿ.

ದಿನಾ ಓಡಿಸುವವಳು: ರಸ್ತೆ ನಿಮ್ಮೊಬ್ಬರದಲ್ಲ ರೀ. ಎದುರಿಗೆ ಬರುವವರು ನಾವು.

ಕೆಂಪು ಜೀಪ್: ಪಾನಾ ಹಿಡಿದು ಗೊತ್ತಿಲ್ಲದವರೆಲ್ಲ ಪಾಠ ಹೇಳುತ್ತಾರೆ.

ದಿನಾ ಓಡಿಸುವವಳು: ನನ್ನ ಗಾಡಿಯ ಕ್ಲಚ್ ನಾನೇ ಬಿಚ್ಚಿ ಹಾಕಿದ್ದೇನೆ. ನೀವು ಹಿಡಿದಿರುವುದು ಪುಟ್ಟಿ ಡಬ್ಬಿ.

ಮೆಕ್ಯಾನಿಕ್: ಇಬ್ಬರೂ ನಿಲ್ಲಿಸಿ. ವೆಲ್ಡಿಂಗ್ ಮಾಡಿಸುವವರು ಬ್ಯಾಟರಿ ತಂತಿ ಕಳಚಿ, ಪೆಟ್ರೋಲ್ ಪೈಪ್ ಎಲ್ಲಿದೆ ನೋಡಿ. ಕ್ಲೋರಿನ್ ಇರುವ ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ವೆಲ್ಡಿಂಗ್ ಬೇಡವೇ ಬೇಡ. ಆ ಶಾಖಕ್ಕೆ ಫಾಸ್‌ಜೀನ್ ಅನ್ನುವ ವಿಷಗಾಳಿ ಹುಟ್ಟುತ್ತದೆ.

ಮಂಜು ದೀಪ: ಹೆಡ್‌ಲೈಟ್ ಗಾಜು ಹಳದಿಯಾಗಿದೆ. ಟೂತ್‌ಪೇಸ್ಟ್ ಹಚ್ಚಿದರೆ ಹೋಗುತ್ತದಂತೆ?

ನೀಲಿ ವ್ಯಾನ್: ಹೌದು, ನಾನು ಮಾಡಿದ್ದೇನೆ, ಫಳಫಳ ಅಂತು.

ದಿನಾ ಓಡಿಸುವವಳು: ಎಷ್ಟು ದಿನ? ಅದು ಗಾಜಲ್ಲ, ಪ್ಲಾಸ್ಟಿಕ್. ಬಿಸಿಲು ತಡೆಯುವ ಲೇಪ ಹೋಗಿರುತ್ತದೆ. ನುಣುಪು ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿ, ಹೊಸ ಲೇಪ ಕೊಡಬೇಕು. ಇಲ್ಲದಿದ್ದರೆ ಮತ್ತೆ ಹಳದಿ.

ಮೆಕ್ಯಾನಿಕ್: ಅವರು ಹೇಳಿದ್ದು ಸರಿ.

ಹಸಿರು ಎಸ್ಟೇಟ್: ಸ್ಟೀರಿಂಗ್ ತಿರುಗಿಸುವಾಗ ಟಕ್ ಟಕ್ ಶಬ್ದ. ಯಾರಾದರೂ ಹೇಳಿ.

ನೀಲಿ ವ್ಯಾನ್: ಬ್ರೇಕ್ ಆಯಿಲ್ ಇಲ್ಲದಿದ್ದರೆ ಪವರ್ ಸ್ಟೀರಿಂಗ್ ಆಯಿಲ್ ಹಾಕಬಹುದು, ಎರಡೂ ಹೈಡ್ರಾಲಿಕ್ ಅಂತ ಫಾರ್ವರ್ಡ್ ಬಂದಿದೆ. ಎಲ್ಲರಿಗೂ ಉಪಯೋಗ ಆಗಲಿ.

ಮೆಕ್ಯಾನಿಕ್: ಇದನ್ನು ಯಾರೂ ಮಾಡಬೇಡಿ! ಬ್ರೇಕ್‌ನ ರಬ್ಬರ್ ಸೀಲ್‌ಗಳು ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬುತ್ತವೆ. ಬ್ರೇಕ್ ಹಿಡಿದುಕೊಂಡೇ ಉಳಿಯಬಹುದು, ಇಲ್ಲವೇ ಪೂರ್ತಿ ಹೋಗಬಹುದು. ಸ್ವಲ್ಪ ಬಿದ್ದರೂ ಮಾಸ್ಟರ್ ಸಿಲಿಂಡರ್‌ನಿಂದ ಹೋಸ್‌ವರೆಗೆ ಎಲ್ಲ ರಬ್ಬರ್ ಬದಲಾಯಿಸಬೇಕು. ಬ್ರೇಕ್ ಆಯಿಲ್ ಡಬ್ಬಿಯ ಮುಚ್ಚಳದ ಮೇಲೆ ಯಾವ ದರ್ಜೆ ಅಂತ, ಡಾಟ್ 3 ಅಂತಲೋ ಡಾಟ್ 4 ಅಂತಲೋ ಬರೆದಿರುತ್ತದೆ, ಅದನ್ನೇ ಹಾಕಿ. ಸಿಲಿಕೋನ್‌ನ ಡಾಟ್ 5 ಬೆರೆಸಬೇಡಿ. ಉಪಯೋಗ ಆಗಲಿ ಅಂತ ಕಳಿಸುವ ಮುಂಚೆ ಒಂದು ಸಲ ಕೇಳಿ. ಇದು ಜೀವದ ವಿಷಯ.

ನೀಲಿ ವ್ಯಾನ್: ಬಂದಿದ್ದನ್ನು ಕಳಿಸಿದೆ ಅಷ್ಟೇ. ಅದಕ್ಕೆ ಇಷ್ಟು ಸಿಟ್ಟೇಕೆ?

ಬಿಳಿ ಹ್ಯಾಚ್‌ಬ್ಯಾಕ್: ಸರ್, ಏರ್ ಫಿಲ್ಟರ್ ಬದಲಾಯಿಸಿದೆ, ಇನ್ನೂ ಜಾಸ್ತಿ ತೋರಿಸುತ್ತಿದೆ.

ಮೆಕ್ಯಾನಿಕ್: ಸೆನ್ಸರ್ ನೋಡಿದಿರಾ? ನೋಡಿ ಬನ್ನಿ.

ಹಳೇ ಸೆಡಾನ್: ಅಣ್ಣಾ, ನೀರಲ್ಲಿ ಕರಗಿತು. ವೀಲ್ ಸಿಲಿಂಡರ್, ಶೂ ಎರಡೂ ಕಡೆ ಹೊಸದು ಹಾಕಿದೆ. ಏರ್ ತೆಗೆಯುವಾಗ ತಮ್ಮ ಪೆಡಲ್ ಪೂರ್ತಿ ತುಳಿದುಬಿಟ್ಟ, ಮರದ ತುಂಡಿನ ಮಾತು ಅವನಿಗೆ ಹೇಳಿರಲಿಲ್ಲ. ಈಗ ಪೆಡಲ್ ಒತ್ತಿ ಹಿಡಿದರೆ ನಿಧಾನವಾಗಿ ಕೆಳಗೆ ಇಳಿಯುತ್ತದೆ. ಎಲ್ಲೂ ಸೋರುತ್ತಿಲ್ಲ, ಡಬ್ಬಿಯಲ್ಲಿ ಆಯಿಲ್ ಕಮ್ಮಿಯಾಗಿಲ್ಲ. ನಾಳೆ ಮರು ತಪಾಸಣೆ. ಹೀಗೇ ಓಡಿಸಿಕೊಂಡು ಹೋಗಬಹುದಾ?

ಕೆಂಪು ಜೀಪ್: ಹೋಗಬಹುದು, ಪಂಪ್ ಮಾಡುತ್ತಾ ನಿಧಾನ ಹೋಗಿ.

ಮೆಕ್ಯಾನಿಕ್: ಕೆಂಪು ಜೀಪ್, ಇನ್ನು ಬ್ರೇಕ್ ವಿಷಯಕ್ಕೆ ನೀವು ಇಲ್ಲಿ ಉತ್ತರ ಬರೆಯಬೇಡಿ.

ಸೆಡಾನ್ ಅವರೇ, ಗಾಡಿ ಕದಲಿಸಬೇಡಿ. ಮಾಸ್ಟರ್ ಸಿಲಿಂಡರ್ ಒಳಗಿನ ಸೀಲ್ ಹರಿದಿದೆ ಅಂತ ಕಾಣುತ್ತದೆ. ಆಯಿಲ್ ಸೀಲ್ ದಾಟಿ ಡಬ್ಬಿಗೇ ವಾಪಸ್ ಹೋಗುತ್ತಿರುತ್ತದೆ, ಅದಕ್ಕೇ ಹೊರಗೆ ಸೋರುವುದಿಲ್ಲ, ಕಮ್ಮಿಯೂ ಆಗುವುದಿಲ್ಲ. ಒಂದೆರಡು ಸಲ ಪಂಪ್ ಮಾಡಿದರೆ ಪೆಡಲ್ ಗಟ್ಟಿಯಾದಂತೆ ಅನಿಸಬಹುದು. ಅದನ್ನು ನಂಬಬೇಡಿ. ಮರು ತಪಾಸಣೆಯ ದಿನ ಮುಂದಕ್ಕೆ ಹಾಕಿಸಿಕೊಳ್ಳಿ. ತಮ್ಮನಿಗೆ ಬೈಯಬೇಡಿ, ತುಕ್ಕು ಹಿಡಿದ ಸಿಲಿಂಡರ್ ಹೇಗೂ ಬದಲಾಯಿಸಬೇಕಾಗಿತ್ತು. ಹೊಸ ಸಿಲಿಂಡರ್ ತಂದ ಮೇಲೆ ಫೋಟೋ ಹಾಕಿ. ಗಾಡಿಗೆ ಕೂರಿಸುವ ಮುಂಚೆ ಅದರಿಂದ ಏರ್ ತೆಗೆಯಬೇಕು. ಹೇಗೆ ಅಂತ ಹೇಳುತ್ತೇನೆ.

ಹಸಿರು ಎಸ್ಟೇಟ್: ನನ್ನ ಟಕ್ ಟಕ್ ಶಬ್ದಕ್ಕೆ ಯಾರೂ ಏನೂ ಹೇಳಲಿಲ್ಲ.

ನೀಲಿ ವ್ಯಾನ್: ಹೊಗೆ ವಿಷಯ ಮೇಲೆ ಎಲ್ಲಿದೆ? ಸಿಗುತ್ತಿಲ್ಲ.