ಕಸದ ಗಾಡಿ, ಕುಡಿಯುವ ನೀರು, ಶೌಚಗುಂಡಿ: ಉತ್ತರ ಕನ್ನಡದ ಸದಸ್ಯರ ಪ್ರಶ್ನೆಗಳಿಗೆ ಉತ್ತರ

(ಉತ್ತರಿಸಿದವರು ನಮ್ಮ ಬಳಗದ ಸದಸ್ಯರು, ನಗರ ಸ್ಥಳೀಯ ಸಂಸ್ಥೆಗಳಲ್ಲಿ ಪರಿಸರ ಅಭಿಯಂತರರಾಗಿದ್ದು ಈಗ ನಿವೃತ್ತರು.)

ಪ್ರಶ್ನೆ: ಸರ್, ನಮಸ್ಕಾರ. ನಮ್ಮದು ಕರಾವಳಿಯ ಒಂದು ಸಣ್ಣ ಪಟ್ಟಣ. ಮನೆಯಲ್ಲಿ ಹಸಿ ಕಸ, ಒಣ ಕಸ ಬೇರೆ ಮಾಡಿಯೇ ಕೊಡುತ್ತೇನೆ. ಆದರೆ ಜೋರು ಮಳೆಯ ದಿನಗಳಲ್ಲಿ ಗಾಡಿಯವರು ಎರಡನ್ನೂ ಒಂದೇ ಕಡೆ ಸುರಿದುಕೊಂಡು ಹೋಗುವುದನ್ನು ಕಣ್ಣಾರೆ ಕಂಡಿದ್ದೇನೆ. ಹಾಗಾದರೆ ನಾವು ಬೇರ್ಪಡಿಸಿ ಪ್ರಯೋಜನವೇನು?

ಉತ್ತರ: ಮೇಡಂ, ನಿಮ್ಮ ಬೇಸರ ನ್ಯಾಯವಾದದ್ದೇ. ಘನತ್ಯಾಜ್ಯ ನಿರ್ವಹಣಾ ನಿಯಮಗಳು ಬೇರ್ಪಡಿಸಿ ಕೊಡುವ ಹೊಣೆಯನ್ನು ಮನೆಯವರ ಮೇಲೆ ಹೊರಿಸಿದಂತೆಯೇ, ಹಾಗೆ ಕೊಟ್ಟದ್ದನ್ನು ಬೆರೆಸದೆ ಸಾಗಿಸುವ ಹೊಣೆಯನ್ನು ಸ್ಥಳೀಯ ಸಂಸ್ಥೆಯ ಮೇಲೆ ಹೊರಿಸಿವೆ. ದಯವಿಟ್ಟು ಗಾಡಿಯ ಜೊತೆ ಬರುವ ಪೌರಕಾರ್ಮಿಕರೊಂದಿಗೆ ಜಗಳಕ್ಕೆ ನಿಲ್ಲಬೇಡಿ. ಗಾಡಿಗೆ ಎರಡು ಖಾನೆ ಇರಬೇಕೋ ಬೇಡವೋ, ಮೇಲೆ ತಾಡಪಾಲು ಹೊದಿಸಬೇಕೋ ಬೇಡವೋ ಎಂದು ತೀರ್ಮಾನಿಸುವವರು ಅವರಲ್ಲ. ದಿನಾಂಕ, ಗಾಡಿಯ ಸಂಖ್ಯೆ, ಬೀದಿಯ ಹೆಸರು ಬರೆದು ಆರೋಗ್ಯ ನಿರೀಕ್ಷಕರಿಗೆ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ಆದರೆ ಬೇರ್ಪಡಿಸುವುದನ್ನು ಮಾತ್ರ ನಿಲ್ಲಿಸಬೇಡಿ, ಅದರಲ್ಲೂ ಮಳೆಗಾಲದಲ್ಲಿ. ಹಸಿ ಕಸ ಗೊಬ್ಬರವಾಗಬೇಕಾದರೆ ರಾಶಿಯೊಳಗೆ ಗಾಳಿ ಆಡಬೇಕು, ತೇವಾಂಶ ಶೇಕಡಾ 50ರಿಂದ 60ರ ಆಸುಪಾಸಿನಲ್ಲಿರಬೇಕು. ಆಗ ಸೂಕ್ಷ್ಮಜೀವಿಗಳು ಕೆಲಸ ಮಾಡಿ ರಾಶಿ 55 ಡಿಗ್ರಿಗೂ ಮೇಲೆ ಬಿಸಿಯಾಗುತ್ತದೆ; ಕೈ ಒಳಗಿಟ್ಟರೆ ಸುಡುತ್ತದೆ. ಅದೇ ರಾಶಿಯಲ್ಲಿ ಪ್ಲಾಸ್ಟಿಕ್ ಚೀಲಗಳು ಸೇರಿಕೊಂಡು ಮೇಲಿನಿಂದ ಮಳೆನೀರೂ ಇಳಿದರೆ ಒಳಗಿನ ಗಾಳಿ ಸಂಚಾರ ನಿಂತುಹೋಗಿ, ಕೊಳೆತು, ಕಪ್ಪು ರಸ ಜಿನುಗತೊಡಗುತ್ತದೆ. ಸುತ್ತಲಿನವರು ಮೂಗು ಮುಚ್ಚಿಕೊಳ್ಳುವ ವಾಸನೆ ಬರುವುದೂ, ಪಕ್ಕದ ಬಾವಿ ಕೆಡುವುದೂ ಈ ರಸದಿಂದಲೇ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಡೆಬಿಡದೆ ಮಳೆ ಸುರಿಯುವ ನಮ್ಮ ಜಿಲ್ಲೆಯಲ್ಲಿ, ಗೊಬ್ಬರದ ಅಂಗಳಕ್ಕೆ ಗಟ್ಟಿ ಚಾವಣಿ ಇಲ್ಲದ ಯಾವ ಘಟಕವನ್ನೂ ನಾನು ಘಟಕವೆಂದು ಒಪ್ಪುವುದಿಲ್ಲ. ಒಣ ಕಸದ ಗತಿಯೂ ಇಷ್ಟೇ: ನೆನೆದ ರಟ್ಟಿಗೆ ಗುಜರಿಯಲ್ಲಿ ಬೆಲೆ ಸಿಗುವುದಿಲ್ಲ, ನೆನೆದ ಪ್ಲಾಸ್ಟಿಕ್ಕನ್ನು ಸಿಮೆಂಟ್ ಕಾರ್ಖಾನೆಯವರು ಉರುವಲಾಗಿಯೂ ಇಷ್ಟಪಡುವುದಿಲ್ಲ. ಆದ್ದರಿಂದ ಮಳೆಗಾಲದಲ್ಲಿ ಒಣ ಕಸವನ್ನು ಮನೆಯ ಜಗುಲಿಯಲ್ಲೇ ಚೀಲದಲ್ಲಿ ಕೂಡಿಟ್ಟು, ಮಳೆ ಬಿಡುವು ಕೊಟ್ಟ ದಿನ ಒಟ್ಟಿಗೆ ಕೊಡಿ. ಗಾಡಿಯವರಿಗೂ ಅನುಕೂಲ.

ಪ್ರಶ್ನೆ: ಮೀನಿನ ತ್ಯಾಜ್ಯ ಮತ್ತು ಬಳಚಿನ (ಕಪ್ಪೆಚಿಪ್ಪಿನ ಜಾತಿ) ಚಿಪ್ಪು ಎರಡನ್ನೂ ಹಸಿ ಕಸಕ್ಕೇ ಹಾಕಬೇಕೇ? (ಕುಮಟಾ)

ಉತ್ತರ: ಮೀನಿನ ಕರುಳು, ಪೊರೆ, ತಲೆ ಎಲ್ಲವೂ ಹಸಿ ಕಸ. ಅವುಗಳಲ್ಲಿ ಸಾರಜನಕ ಹೆಚ್ಚು. ಹಾಗೇ ಬಿಟ್ಟರೆ ಗಬ್ಬು ನಾತ. ಒಂದು ಪದರ ಮೀನಿನ ತ್ಯಾಜ್ಯಕ್ಕೆ ಮೇಲೊಂದು ದಪ್ಪ ಪದರ ದರಕು (ಒಣಗಿದ ಎಲೆ) ಅಥವಾ ಮರದ ಹೊಟ್ಟು ಹಾಕಿದರೆ ಒಳ್ಳೆಯ ಗೊಬ್ಬರವಾಗುತ್ತದೆ. ಬೇಸಿಗೆಯಲ್ಲಿ ಅಂಗಳದ ದರಕಿಗೆ ಬೆಂಕಿ ಹಚ್ಚುವ ಬದಲು ಎರಡು ಗೋಣಿ ತುಂಬಿಟ್ಟುಕೊಂಡರೆ ಮಳೆಗಾಲಕ್ಕೆ ಒದಗುತ್ತದೆ. ಚಿಪ್ಪು ಮಾತ್ರ ಸುಣ್ಣದ ವಸ್ತು, ಅದು ಕೊಳೆಯುವುದಿಲ್ಲ. ಹಸಿ ಕಸದೊಡನೆ ಹೋದರೆ ಕತ್ತರಿಸುವ ಯಂತ್ರದ ಅಲಗು ಹಾಳಾಗುತ್ತದೆ. ತೊಳೆದು ಬೇರೆಯಾಗಿಡಿ, ತೆಂಗಿನ ಬುಡಕ್ಕೂ ಹಾಕಬಹುದು.

ಪ್ರಶ್ನೆ: ಕಾರವಾರದ ಬಾಗಿಲಲ್ಲೇ ಕಾಳಿ ನದಿ ಹರಿಯುತ್ತಿರುವಾಗ ನಮಗೆ ಅಂಕೋಲಾ ಕಡೆಯ ಗಂಗಾವಳಿಯಿಂದ ನೀರು ತರುವುದೇಕೆ? ನಲ್ಲಿಯಲ್ಲಿ ಮೊದಲು ಬರುವ ಕೆಂಪು ನೀರನ್ನು ಏನು ಮಾಡಬೇಕು?

ಉತ್ತರ: ಕಾರವಾರದ ಬಳಿ ನೀವು ನೋಡುವುದು ಕಾಳಿಯ ಅಳಿವೆ, ಅಂದರೆ ನದಿ ಕಡಲು ಸೇರುವ ಜಾಗ. ದಿನಕ್ಕೆ ಎರಡು ಬಾರಿ ಭರತ ಬಂದಾಗ ಸಮುದ್ರದ ಉಪ್ಪು ನೀರು ನದಿಯೊಳಕ್ಕೆ ಏರುತ್ತದೆ. ಮಳೆಗಾಲದಲ್ಲಿ ನದಿಯೇ ಅದನ್ನು ಹೊರಗೆ ದೂಡುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ಸಿಹಿನೀರು ಬಹುಮಟ್ಟಿಗೆ ಕದ್ರಾ ಅಣೆಕಟ್ಟೆಯ ವಿದ್ಯುದಾಗಾರದಿಂದ ಬಿಟ್ಟಷ್ಟೇ. ಉಪ್ಪನ್ನು ಮರಳಿನ ಸೋಸುಗುಂಡಿಯಾಗಲಿ ಕ್ಲೋರಿನ್ ಆಗಲಿ ತೆಗೆಯಲಾರವು. ಹತ್ತಿರದ ಉಪ್ಪು ನೀರಿಗಿಂತ ದೂರದ ಸಿಹಿನೀರೇ ಮೇಲು ಎಂಬ ಲೆಕ್ಕಾಚಾರ ಸರಿಯಾದದ್ದೇ.

ದೂರದಿಂದ ತರುವುದರಲ್ಲಿ ಇನ್ನೊಂದು ತೊಡಕಿದೆ. ನದಿಯ ದಡದ ಪಂಪಿಗೆ ವಿದ್ಯುತ್ ಹೆಸ್ಕಾಂನದು, ಬೀದಿಯ ಕೊಳವೆ ನಗರಸಭೆಯದು, ದೊಡ್ಡ ಯೋಜನೆಗಳನ್ನು ಕಟ್ಟುವುದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಗಾಳಿಮಳೆಗೆ ತಂತಿಯ ಮೇಲೆ ಮರ ಬಿದ್ದು ಪಂಪು ನಿಂತರೆ ಊರಿನ ಮೇಲ್ತೊಟ್ಟಿ ತುಂಬುವುದಿಲ್ಲ. ಆ ದಿನ ನೀರು ಬಿಡುವ ಸಿಬ್ಬಂದಿಯನ್ನು ಬಯ್ದು ಫಲವಿಲ್ಲ.

ಕೆಂಪು ನೀರಿನ ವಿಷಯ ಹೆಚ್ಚು ಗಂಭೀರ. ದಿನ ಬಿಟ್ಟು ದಿನ ನೀರು ಬಿಡುವ ಕಡೆ, ಬಿಡದ ಹೊತ್ತಿನಲ್ಲಿ ಕೊಳವೆ ಖಾಲಿಯಾಗಿ ಒಳಗೆ ಒತ್ತಡ ಇಳಿದುಹೋಗುತ್ತದೆ. ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಕೊಳವೆಯಲ್ಲಿ ಸಣ್ಣ ಬಿರುಕಿದ್ದರೆ ಸುತ್ತಲಿನ ಕೊಳಕು ಒಳಗೆ ಸೇರುತ್ತದೆ. ಮೊದಲ ಕೆಲವು ಬಕೆಟ್ ನೀರನ್ನು ಪಾತ್ರೆ ಬಟ್ಟೆಗಲ್ಲ, ಗಿಡಗಳಿಗೆ ಹಾಕಿ. ಕುಡಿಯುವ ನೀರನ್ನು ಕುದಿಸಿ. ಕುಡಿಯುವ ನೀರಿನ ಗುಣಮಟ್ಟದ ಐಎಸ್ 10500 ಮಾನಕದ ಪ್ರಕಾರ ಕ್ಲೋರಿನ್ ಹಾಕಿದ ನೀರು ನಿಮ್ಮ ನಲ್ಲಿಗೆ ಬಂದಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ಗಾಜಿನ ಕೊಳವೆಗೆ ನೀರು ತುಂಬಿ ಔಷಧಿಯ ಕೆಲವು ಹನಿ ಬಿಟ್ಟಾಗ ಅದು ತಿಳಿ ಹಳದಿಗೆ ತಿರುಗಬೇಕು. ಬಣ್ಣವೇ ಬರದಿದ್ದರೆ ಕ್ಲೋರಿನ್ ಉಳಿದಿಲ್ಲವೆಂದು ಅರ್ಥ. ನಿಮ್ಮ ಮನೆಯ ನಲ್ಲಿಯಲ್ಲಿಯೇ ಈ ಪರೀಕ್ಷೆ ಮಾಡಿ ತೋರಿಸಿ ಎಂದು ನಗರಸಭೆಯವರನ್ನು ಕೇಳಿ, ಸಂಕೋಚ ಬೇಡ. ಕೊಳವೆಯ ತುದಿಯ ಮನೆಗಳಲ್ಲಿ ಪರೀಕ್ಷಿಸಿದರೇ ಅದಕ್ಕೆ ಬೆಲೆ.

ಪ್ರಶ್ನೆ: ಶಿರಸಿಯಲ್ಲಿ ಇಷ್ಟು ಮಳೆಯಾದರೂ ಮೇ ತಿಂಗಳಲ್ಲಿ ನೀರಿನ ಪೇಚಾಟ ಏಕೆ?

ಉತ್ತರ: ಅಘನಾಶಿನಿ ಹುಟ್ಟುವುದೇ ಶಿರಸಿಯ ಆಸುಪಾಸಿನಲ್ಲಿ. ಹೊಳೆಯ ತಲೆಯ ಮೇಲೆ ಕುಳಿತ ಊರಿಗೆ ಜಲಾನಯನ ಪ್ರದೇಶ ಚಿಕ್ಕದು. ಊರಿಗೆ ನೀರು ಕೊಡುವ ಕೆಂಗ್ರೆ, ಮಾರಿಗದ್ದೆಯ ಹರಿವು ಬೇಸಿಗೆಯ ಕೊನೆಗೆ ಸೊರಗುತ್ತದೆ. ಮೇಲಿನ ಕಾಡು, ಬೆಟ್ಟ, ಕೆರೆಗಳು ನೀರು ಹಿಡಿದಿಟ್ಟುಕೊಂಡಷ್ಟು ದಿನ ಹೊಳೆಯಲ್ಲಿ ನೀರು ಇರುತ್ತದೆ. ಕೆರೆಯ ಹೂಳೆತ್ತುವುದನ್ನು ನಾನು ನೀರು ಸರಬರಾಜಿನ ಕೆಲಸವೆಂದೇ ಲೆಕ್ಕ ಹಾಕುತ್ತೇನೆ.

ಪ್ರಶ್ನೆ: ನಮ್ಮ ಬೀದಿಗೆ ಒಳಚರಂಡಿ ಬಂದಿಲ್ಲ. ಶೌಚಗುಂಡಿ ತುಂಬಿದ ಮೇಲೆ ತೆಗೆಸಿದರೆ ಸಾಲದೇ?

ಉತ್ತರ: ಸಾಲದು. ಕರಾವಳಿಯ ಮರಳು ನೆಲದಲ್ಲಿ ಮಳೆಗಾಲಕ್ಕೆ ಅಂತರ್ಜಲ ತೀರ ಮೇಲೆ ಬರುತ್ತದೆ. ಗುಂಡಿಯ ನೀರಿಗೂ ನಿಮ್ಮ ಬಾವಿಯ ನೀರಿಗೂ ನಡುವೆ ಏನೂ ಉಳಿಯುವುದಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ, ಮೇ ತಿಂಗಳು ಮುಗಿಯುವ ಮೊದಲು, ನಗರಸಭೆಗೆ ಹಣ ಕಟ್ಟಿ ಸಕ್ಕಿಂಗ್ ಯಂತ್ರ ತರಿಸಿ. ಯಂತ್ರ ಬರುವುದು ತಡವಾಯಿತೆಂದು ಯಾರನ್ನೂ ಗುಂಡಿಗೆ ಇಳಿಸಬೇಡಿ. ವಿಷಾನಿಲದಿಂದ ಕ್ಷಣದಲ್ಲಿ ಪ್ರಾಣ ಹೋಗುತ್ತದೆ, ರಕ್ಷಣೆಯ ಉಪಕರಣಗಳಿಲ್ಲದೆ ಇಳಿಸುವುದು 2013ರ ಮಲ ಹೊರುವ ವೃತ್ತಿ ನಿಷೇಧ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ, ಮತ್ತು ಆ ಅಪರಾಧದ ಹೊಣೆ ಇಳಿದವರದಲ್ಲ, ಕರೆಸಿದ ಮನೆಯವರದು. ವಾಹನ ಗುಂಡಿಯ ಹತ್ತಿರ ಬರಲಾಗದಷ್ಟು ಓಣಿ ಕಿರಿದಾಗಿದ್ದರೆ ಅರ್ಜಿಯಲ್ಲೇ ಅದನ್ನು ಬರೆಯಿರಿ. ಉದ್ದನೆಯ ಪೈಪು ತರುವಂತೆ ಹೇಳಬಹುದು.